ನೋವಿಗೆ ಮುನ್ನ ಬಿಂಬ: ನೇತ್ರರೋಗ ನಿದಾನದಲ್ಲಿ ಚಿತ್ರಣ ವಿಧಾನಗಳ ಬೆಳವಣಿಗೆ



ವೈದ್ಯಶಾಸ್ತ್ರದ ಒಂದು ವಿಷಯವನ್ನು, ವೈದ್ಯರಲ್ಲದವರೇ ಬಹುಸಂಖ್ಯೆಯಲ್ಲಿ ನೆರೆದಿರುವ ಸಭೆಯಲ್ಲಿ, ಕನ್ನಡದಲ್ಲಿಯೇ ನಿರೂಪಿಸಬೇಕೆಂಬ ಈ ದತ್ತಿ ಉಪನ್ಯಾಸದ ಆಶಯವು ನನಗೆ ಅತ್ಯಂತ ಪ್ರಿಯವಾದುದು. ಏಕೆಂದರೆ ನಾನಿಂದು ಹೇಳಹೊರಟಿರುವ ರೋಗಗಳ ಪೈಕಿ ಹೆಚ್ಚಿನವು ವೈದ್ಯನ ಅಜ್ಞಾನಕ್ಕಿಂತಲೂ ಮನೆಯವರ ಅರಿವಿನ ಕೊರತೆಯಿಂದಲೇ ಕೈಮೀರಿ ಹೋಗತಕ್ಕವು.

ಕಣ್ಣಿನ ಒಳಭಾಗವನ್ನು ಕೊಯ್ಯದೆ, ನೋಯಿಸದೆ, ಹೊರಗಿನಿಂದಲೇ ಕಂಡು ಚಿತ್ರಿಸುವ ವಿಧಾನಗಳು ಕಳೆದ ನೂರೆಪ್ಪತ್ತು ವರ್ಷಗಳಿಗೂ ಮಿಕ್ಕಿದ ಅವಧಿಯಲ್ಲಿ ಹೇಗೆ ಬೆಳೆದುಬಂದವು, ಅವುಗಳಿಂದ ರೋಗನಿದಾನದ ಕ್ರಮವೇ ಹೇಗೆ ಮಾರ್ಪಟ್ಟಿತು ಎಂಬುದು ಇಂದಿನ ಉಪನ್ಯಾಸದ ವಸ್ತು. ಕಣ್ಣಿನ ಪೊರೆ, ಕಾರ್ನಿಯಾದ ಹುಣ್ಣು ಮುಂತಾದ ಮುಂಭಾಗದ ರೋಗಗಳನ್ನು ನಾನು ಮುಟ್ಟುವುದಿಲ್ಲ. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲಕ್ಕೂ ಅಲ್ಲಿಂದ ಮಿದುಳಿನತ್ತ ಸಾಗುವ ದೃಷ್ಟಿನರಕ್ಕೂ ನನ್ನ ಮಾತನ್ನು ಸೀಮಿತಗೊಳಿಸಿಕೊಳ್ಳುತ್ತೇನೆ. ಮೊದಲು ಕಣ್ಣಿನೊಳಗೆ ಬೆಳಕು ಹೊಕ್ಕ ಕಥೆ, ಬಳಿಕ ಛಾಯಾಚಿತ್ರ ಮತ್ತು ವರ್ಣದ್ರವ್ಯಗಳ ಪಾತ್ರ, ಅನಂತರ ಪದರಪದರವಾಗಿ ಆಳವನ್ನು ಅಳೆಯುವ ಯಂತ್ರ, ಕಡೆಯಲ್ಲಿ ನಮ್ಮ ರಾಜ್ಯದ ಜಿಲ್ಲಾಸ್ಪತ್ರೆಗಳಲ್ಲಿ ನಡೆದಿರುವ ಒಂದು ಮಹತ್ಕಾರ್ಯ: ಇದು ನಾನು ಹಾಕಿಕೊಂಡಿರುವ ದಾರಿ.

ಈ ಎಲ್ಲಕ್ಕೂ ಹಿನ್ನೆಲೆಯಾಗಿ ಒಂದು ಸಂಗತಿಯನ್ನು ತಾವು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಹಲ್ಲು ನೋಯುತ್ತದೆ, ಹೊಟ್ಟೆ ನೋಯುತ್ತದೆ, ಕಣ್ಣಿನ ಮೇಲ್ಮೈಗೆ ಒಂದು ಧೂಳಿನ ಕಣ ಬಿದ್ದರೂ ಮನುಷ್ಯ ತಳಮಳಿಸುತ್ತಾನೆ; ಆದರೆ ಕಾಣುವ ಕ್ರಿಯೆ ನಡೆಯುವ ಆ ಪಟಲದಲ್ಲಿ ರಕ್ತ ಜಿನುಗಿದರೂ, ನರತಂತುಗಳು ಸಾವಿರಗಟ್ಟಲೆ ಸತ್ತರೂ, ಅದು ಯಾವ ದೂರನ್ನೂ ಕೊಡುವುದಿಲ್ಲ. ಅಷ್ಟೇ ಅಲ್ಲ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ರೋಗಿಗೆ ತಾನು ರೋಗಿಯೆಂಬುದೇ ಬಹುಕಾಲ ತಿಳಿಯದು. ರೋಗಿಯು ದೂರು ಹೇಳಬೇಕು, ವೈದ್ಯನು ಅದಕ್ಕೆ ಕಾರಣ ಹುಡುಕಬೇಕು ಎಂಬ ವೈದ್ಯವೃತ್ತಿಯ ಸನಾತನ ಕ್ರಮವು ಇಲ್ಲಿ ಫಲಿಸುವುದಿಲ್ಲ. ದೂರಿಗೆ ಮುನ್ನ ಬಿಂಬವು ದೊರೆಯಬೇಕು.

ಇನ್ನು ಮೊದಲನೆಯ ಅಂಶಕ್ಕೆ ಬರುತ್ತೇನೆ. ಎದುರಿಗಿರುವವರ ಕಣ್ಣಿನ ಪಾಪೆಯು ನಮಗೆ ಏಕೆ ಕಪ್ಪಾಗಿ ತೋರುತ್ತದೆ? ಒಳಗೆ ಕತ್ತಲೆಯಿದೆಯೆಂದು ಶತಮಾನಗಳ ಕಾಲ ಜನರು ನಂಬಿದ್ದುದು ಸಹಜವೇ ಆಗಿತ್ತು. ವಾಸ್ತವದಲ್ಲಿ ಪಾಪೆಯ ಮೂಲಕ ಒಳಹೊಕ್ಕ ಬೆಳಕಿನ ಒಂದಂಶವು ಅಕ್ಷಿಪಟಲದಿಂದ ಪ್ರತಿಫಲಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿ, ತನ್ನ ಮೂಲವನ್ನೇ ಸೇರುತ್ತದೆ. ಆ ಬೆಳಕನ್ನು ಕಾಣಬೇಕಾದರೆ ನೋಡುವವನ ಕಣ್ಣು ದೀಪವಿರುವ ಸ್ಥಳದಲ್ಲಿಯೇ ಇರಬೇಕು. ಅಲ್ಲಿ ತಲೆಯನ್ನಿಟ್ಟರೆ ದೀಪಕ್ಕೆ ತಲೆಯೇ ಅಡ್ಡವಾಗುತ್ತದೆ. ಈ ತೊಡಕನ್ನು ಬಿಡಿಸಿದವನು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್. ಕೋನಿಗ್ಸ್‌ಬರ್ಗ್ ನಗರದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆತನು, ವಿದ್ಯಾರ್ಥಿಗಳಿಗೆ ಕಣ್ಣಿನ ಪಾಠವನ್ನು ವಿವರಿಸುವ ಸಿದ್ಧತೆಯಲ್ಲಿದ್ದಾಗ, ಓರೆಯಾಗಿರಿಸಿದ ಗಾಜಿನ ಹಲ್ಲೆಗಳ ಮೂಲಕ ಪಕ್ಕದ ದೀಪದ ಬೆಳಕನ್ನು ರೋಗಿಯ ಕಣ್ಣಿಗೆ ಪ್ರತಿಫಲಿಸುವಂತೆ ಮಾಡಿ, ಅದೇ ಗಾಜಿನ ಮೂಲಕ ಹಿಂದಿರುಗುವ ಬೆಳಕನ್ನು ತಾನು ನೋಡುವ ಉಪಾಯವನ್ನು ಕಂಡುಕೊಂಡನು. 1850ರ ಡಿಸೆಂಬರಿನಲ್ಲಿ ಬರ್ಲಿನ್ನಿನ ವಿದ್ವತ್ಸಭೆಗೆ ಅದನ್ನು ತಿಳಿಸಿ, 1851ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ನೇತ್ರದರ್ಶಕವೆಂದು ನಾವು ಕರೆಯುವ ಆ ಸಣ್ಣ ಉಪಕರಣವು ದುಬಾರಿಯಾದುದಲ್ಲ, ಜಟಿಲವಾದುದೂ ಅಲ್ಲ. ಆದರೂ ಅದು ಹುಟ್ಟಿದ ಮೇಲೆ, ಜೀವಂತ ಮನುಷ್ಯನ ರಕ್ತನಾಳಗಳನ್ನೂ ಒಂದು ನರದ ತುದಿಯನ್ನೂ ಚರ್ಮ ಭೇದಿಸದೆ ನೇರವಾಗಿ ನೋಡಬಹುದಾದ ಸ್ಥಳ ದೇಹದಲ್ಲಿ ಒಂದಿದೆಯೆಂದು ವೈದ್ಯಲೋಕಕ್ಕೆ ತಿಳಿಯಿತು.

ಹೊಸ ದರ್ಶನದೊಡನೆ ಹೊಸ ಭ್ರಾಂತಿಯೂ ಬರುವುದುಂಟು ಎಂಬುದಕ್ಕೆ ಆ ಕಾಲದ ಒಂದು ನಿದರ್ಶನವನ್ನು ಇಲ್ಲಿ ಕೊಡಲೇಬೇಕು. ಗ್ಲಾಕೋಮಾ ರೋಗದಲ್ಲಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರದ ತಲೆಯು ಬಟ್ಟಲಿನಂತೆ ಒಳಕ್ಕೆ ಕುಸಿಯುತ್ತದೆ. ಇದನ್ನು ನೇತ್ರದರ್ಶಕದಿಂದ ಮೊದಲು ಕಂಡವರಲ್ಲಿ ವಿಯೆನ್ನಾದ ಎಡ್ವರ್ಡ್ ಯೇಗರ್, ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫ ಎಂಬ ಇಬ್ಬರು ಅಸಾಧಾರಣ ನೇತ್ರತಜ್ಞರಿದ್ದರು. ಇಬ್ಬರೂ ಆ ಕುಳಿಯನ್ನು ಉಬ್ಬೆಂದು ತಿಳಿದರು. ಒಂದೇ ಕಣ್ಣಿನಿಂದ, ಆಳದ ಅಳತೆಯಿಲ್ಲದೆ ನೋಡಿದ ಬಿಂಬದಲ್ಲಿ ನೆರಳುಬೆಳಕುಗಳು ತಿರುವುಮುರುವಾಗಿ ಕಂಡುದೇ ಇದಕ್ಕೆ ಕಾರಣ. ಮೃತರ ಕಣ್ಣನ್ನು ಸೀಳಿ ನೋಡಿದ ಅಂಗರಚನಾಶಾಸ್ತ್ರಜ್ಞ ಹೈನ್ರಿಕ್ ಮ್ಯೂಲರನ ಸಾಕ್ಷ್ಯ ಒದಗಿದ ಮೇಲೆ ಅದು ಕುಳಿಯೇ ಎಂಬುದು ನಿಸ್ಸಂದೇಹವಾಯಿತು. ಅಂತಹ ಕುಶಾಗ್ರಮತಿಗಳೂ ಎಡವಿದರೆಂದು ಹೇಳುವುದು ನನ್ನ ಉದ್ದೇಶವಲ್ಲ. ಚಪ್ಪಟೆಯಾದ ಬಿಂಬವು ಆಳವನ್ನು ತಾನಾಗಿ ತಿಳಿಸಲಾರದು ಎಂಬ ಈ ಕೊರತೆಯೇ ಮುಂದಿನ ನೂರೈವತ್ತು ವರ್ಷಗಳ ಅನ್ವೇಷಣೆಯ ಒಂದು ಮುಖ್ಯ ಪ್ರೇರಣೆಯಾಯಿತು. ಆದುದರಿಂದ ಈ ಪ್ರಸಂಗವನ್ನು ಪ್ರಸ್ತಾಪಿಸಿದೆ.

ಎರಡನೆಯ ಅಂಶವಾದ ಛಾಯಾಚಿತ್ರದ ವಿಷಯದಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. ವೈದ್ಯನು ಕಂಡುದು ಅವನ ನೆನಪಿನಲ್ಲಿ ಮಾತ್ರ ಉಳಿದರೆ, ಆರು ತಿಂಗಳ ಹಿಂದಿನ ಸ್ಥಿತಿಯನ್ನು ಇಂದಿನ ಸ್ಥಿತಿಯೊಡನೆ ತೂಗುವುದು ಅಸಾಧ್ಯ. ಜೀವಂತ ಮನುಷ್ಯನ ಅಕ್ಷಿಪಟಲದ ಛಾಯಾಚಿತ್ರವನ್ನು 1886ರಲ್ಲಿ ಇಂಗ್ಲೆಂಡಿನ ಜ್ಯಾಕ್‌ಮನ್ ಮತ್ತು ವೆಬ್‌ಸ್ಟರ್ ಎಂಬವರು ತೆಗೆದು ಪ್ರಕಟಿಸಿದರು. ಅದಕ್ಕಾಗಿ ಆ ವ್ಯಕ್ತಿ ಎರಡೂವರೆ ನಿಮಿಷ ಕಣ್ಣು ಕದಲಿಸದೆ ಕುಳಿತಿರಬೇಕಾಯಿತು. 1926ರಲ್ಲಿ ಝೈಸ್ ಸಂಸ್ಥೆಯ ಕ್ಯಾಮೆರಾ ಮಾರುಕಟ್ಟೆಗೆ ಬಂದ ಬಳಿಕ ಈ ಕಾರ್ಯವು ಆಸ್ಪತ್ರೆಗಳ ನಿತ್ಯವಿಧಿಗಳಲ್ಲಿ ಒಂದಾಗುವ ದಾರಿ ತೆರೆಯಿತು.

ಪ್ರಾಸಂಗಿಕವಾಗಿ ಒಂದು ಮಾತು. ಯಾವ ಕ್ಯಾಮೆರಾವನ್ನೂ ಬಳಸದೆ ತನ್ನ ಅಕ್ಷಿಪಟಲವನ್ನು ತಾನೇ ಕಾಣಲು ಯತ್ನಿಸಿದ ಮಹಾವಿಜ್ಞಾನಿಯೊಬ್ಬರು ನಮ್ಮ ಬೆಂಗಳೂರಿನಲ್ಲಿಯೇ ಇದ್ದರು. ಸರ್ ಸಿ. ವಿ. ರಾಮನ್ ಅವರು ತಮ್ಮ ಜೀವಿತದ ಕೊನೆಯ ವರ್ಷಗಳನ್ನು ದೃಷ್ಟಿಯ ಅಧ್ಯಯನಕ್ಕೆ ಮೀಸಲಾಗಿಟ್ಟು, ಪ್ರಕಾಶಮಾನವಾದ ಪರದೆಯನ್ನು ಬಣ್ಣದ ಶೋಧಕದ ಮೂಲಕ ಕೆಲಹೊತ್ತು ದಿಟ್ಟಿಸಿ, ಶೋಧಕವನ್ನು ಥಟ್ಟನೆ ತೆಗೆದಾಗ ಪರದೆಯ ಮೇಲೆ ಮೂಡುವ ಆಕೃತಿಯಲ್ಲಿ ಅಕ್ಷಿಪಟಲದ ಮಧ್ಯಭಾಗದ ರಚನೆಯನ್ನು ಗುರುತಿಸಿ, 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯನ್ನು ಕುರಿತ ಗ್ರಂಥವನ್ನೇ ಹೊರತಂದರು. ಅವರ ಎಲ್ಲ ನಿರ್ಣಯಗಳನ್ನೂ ವಿಜ್ಞಾನಲೋಕ ಒಪ್ಪಲಿಲ್ಲವಾದರೂ, ಎಂಬತ್ತರ ಅಂಚಿನಲ್ಲಿ ಅಂತಹ ಕುತೂಹಲವನ್ನು ಉಳಿಸಿಕೊಂಡಿದ್ದ ಆ ಚೇತನವನ್ನು ಸ್ಮರಿಸದೆ ಮುಂದುವರಿಯಲು ನನಗೆ ಮನಸ್ಸು ಬಾರದು.

ಛಾಯಾಚಿತ್ರವು ಸ್ಥಿರವಾದುದನ್ನು ತೋರಿಸಿತು. ಹರಿಯುವುದನ್ನು ತೋರಿಸಿದುದು ವರ್ಣದ್ರವ್ಯ. ಫ್ಲೋರೆಸಿನ್ ಎಂಬ ದ್ರವ್ಯಕ್ಕೆ ನೀಲಿ ಬೆಳಕನ್ನು ಹೀರಿಕೊಂಡು ಹಳದಿಹಸುರು ಬೆಳಕನ್ನು ಹೊರಸೂಸುವ ಗುಣವಿದೆ. ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಇನ್ನೂ ವೈದ್ಯವಿದ್ಯಾರ್ಥಿಗಳಾಗಿದ್ದ ಹೆರಾಲ್ಡ್ ನೊವೊಟ್ನಿ, ಡೇವಿಡ್ ಆಲ್ವಿಸ್ ಎಂಬ ತರುಣರು ಅದನ್ನು ತೋಳಿನ ಅಭಿಧಮನಿಗೆ ಚುಚ್ಚಿ, ಕೆಲವೇ ಸೆಕೆಂಡುಗಳಲ್ಲಿ ಅದು ಅಕ್ಷಿಪಟಲದ ರಕ್ತನಾಳಗಳನ್ನು ತುಂಬುವುದನ್ನು ಸಾಲಾಗಿ ಚಿತ್ರೀಕರಿಸಿದರು. ಮೊದಲ ಪ್ರಯೋಗಕ್ಕೆ ಆಲ್ವಿಸನೇ ಕಣ್ಣೊಡ್ಡಿದ್ದನು. 1961ರಲ್ಲಿ ಅವರ ಲೇಖನವು ಪ್ರಕಟವಾದುದು ನೇತ್ರವೈದ್ಯರ ಪತ್ರಿಕೆಯಲ್ಲಲ್ಲ. ಹೃದಯ ಮತ್ತು ರಕ್ತಪರಿಚಲನೆಗೆ ಮೀಸಲಾದ ಪತ್ರಿಕೆಯೊಂದರಲ್ಲಿ. ಮಧುಮೇಹದಲ್ಲಿ ಯಾವ ಸೂಕ್ಷ್ಮನಾಳ ಮುಚ್ಚಿದೆ, ಯಾವುದು ಸೋರುತ್ತಿದೆ, ಎಲ್ಲಿ ಹೊಸ ದುರ್ಬಲ ನಾಳಗಳು ಹುಟ್ಟಿಕೊಂಡಿವೆ ಎಂಬುದನ್ನು ಬೆರಳಿಟ್ಟು ತೋರಿಸುವಂತಾದುದು ಈ ವಿಧಾನದಿಂದಲೇ. ಚುಚ್ಚಿಸಿಕೊಂಡವರಿಗೆ ಓಕರಿಕೆ ಬರುವುದುಂಟು, ಮೈಬಣ್ಣ ಕೆಲವು ಗಂಟೆಗಳ ಕಾಲ ಹಳದಿಯಾಗುವುದುಂಟು, ಅತಿ ವಿರಳವಾಗಿ ಪ್ರಾಣಾಪಾಯದ ಪ್ರತಿಕ್ರಿಯೆಯೂ ಉಂಟಾಗಬಹುದು. ಆದುದರಿಂದ ಇದನ್ನು ಪದೇಪದೇ ಮಾಡುವಂತಿಲ್ಲ.

ಈಗ ನನ್ನ ಉಪನ್ಯಾಸದ ಮಧ್ಯಬಿಂದುವಿಗೆ ಬರುತ್ತಿದ್ದೇನೆ. ಅಕ್ಷಿಪಟಲದ ದಪ್ಪವು ಸುಮಾರು ಕಾಲು ಮಿಲಿಮೀಟರು, ಎಂದರೆ 250 ಮೈಕ್ರಾನುಗಳ ಆಸುಪಾಸು. ಅಷ್ಟರಲ್ಲಿಯೇ ಬೆಳಕನ್ನು ಗ್ರಹಿಸುವ ಕೋಶಗಳು, ಸಂದೇಶವನ್ನು ಹೊಂದಿಸುವ ಕೋಶಗಳು, ಮಿದುಳಿಗೆ ಸಾಗಿಸುವ ನರತಂತುಗಳು ಎಂದು ಹತ್ತು ಪದರಗಳು ಒಂದರ ಮೇಲೊಂದು ಹಾಸಿಕೊಂಡಿವೆ. ರೋಗಗಳು ಇವುಗಳಲ್ಲಿ ತಮಗೆ ಬೇಕಾದ ಪದರವನ್ನು ಆರಿಸಿಕೊಳ್ಳುತ್ತವೆ: ಗ್ಲಾಕೋಮಾ ಮೇಲಿನ ನರತಂತುಗಳನ್ನು ಸವೆಸುತ್ತದೆ, ಮಧುಮೇಹವು ನಡುವಣ ಪದರಗಳಲ್ಲಿ ನೀರು ತುಂಬಿಸುತ್ತದೆ, ಮುಪ್ಪಿನಲ್ಲಿ ಅಕ್ಷಿಪಟಲದ ಮಧ್ಯಭಾಗವಾದ ಮಾಕ್ಯುಲಕ್ಕೆ ಬರುವ ರೋಗವು ಕೆಳಪದರದ ಅಡಿಯಿಂದ ಏಳುತ್ತದೆ. ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ ಈ ಹತ್ತೂ ಪದರಗಳು ಒಂದರೊಳಗೊಂದು ಬೆರೆತೇ ಕಾಣುತ್ತವೆ. ಅವನ್ನು ಬಿಡಿಸಿ ತೋರಿಸಿದ ಯಂತ್ರವೇ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ. ಆಸ್ಪತ್ರೆಗಳಲ್ಲಿ ಎಲ್ಲರೂ ಅದನ್ನು ಒ.ಸಿ.ಟಿ. ಎಂದೇ ಕರೆಯುತ್ತಾರೆ.

ಅದರ ತತ್ತ್ವವನ್ನು ಸ್ವಲ್ಪ ಸಾವಧಾನದಿಂದ ವಿವರಿಸಲು ಅಪ್ಪಣೆ ಬೇಡುತ್ತೇನೆ. ಬಾವಿಯ ಕಟ್ಟೆಯ ಮೇಲೆ ನಿಂತು ಕೂಗಿದಾಗ ಮಾರ್ದನಿಯು ತಡವಾಗಿ ಬಂದರೆ ನೀರು ಆಳದಲ್ಲಿದೆಯೆಂದೂ ಬೇಗನೆ ಬಂದರೆ ಮೇಲಿದೆಯೆಂದೂ ನಾವು ಊಹಿಸುವಂತೆ, ಕಣ್ಣಿಗೆ ಕಳುಹಿಸಿದ ಬೆಳಕು ಯಾವ ಪದರದಿಂದ ಎಷ್ಟು ತಡವಾಗಿ ಮರಳಿತು ಎಂಬುದನ್ನು ಅಳೆದರೆ ಆ ಪದರದ ಆಳವು ತಿಳಿಯಬೇಕು. ಆದರೆ ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡತಕ್ಕದ್ದು. ಹತ್ತು ಮೈಕ್ರಾನಿನಷ್ಟು ಆಳದ ವ್ಯತ್ಯಾಸಕ್ಕೆ ಉಂಟಾಗುವ ವಿಳಂಬವು ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಸುಮಾರು ಹತ್ತನೆಯ ಒಂದಂಶ. ಅದನ್ನು ನೇರವಾಗಿ ಎಣಿಸಬಲ್ಲ ಗಡಿಯಾರವು ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಆದುದರಿಂದ ವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದ ಆಲ್ಬರ್ಟ್ ಮೈಕೆಲ್ಸನ್ನನ ವ್ಯತಿಕರಣಮಾಪಕದ ಮೊರೆಹೊಕ್ಕರು. ಕಣ್ಣಿಗೆ ಕಾಣದ ಅವಕೆಂಪಿನ ಬೆಳಕಿನ ಕಿರಣವೊಂದನ್ನು ಎರಡಾಗಿ ಒಡೆದು, ಒಂದನ್ನು ಕಣ್ಣಿಗೂ ಇನ್ನೊಂದನ್ನು ದೂರವು ಗೊತ್ತಿರುವ ಕನ್ನಡಿಗೂ ಕಳುಹಿಸಿ, ಹಿಂದಿರುಗಿದ ಎರಡನ್ನೂ ಕೂಡಿಸಿದಾಗ, ಅವೆರಡೂ ನಡೆದ ದಾರಿಯ ಉದ್ದವು ಹೆಚ್ಚುಕಡಮೆ ಸಮನಾಗಿದ್ದರೆ ಮಾತ್ರ ತರಂಗಗಳು ಪರಸ್ಪರ ಮೇಳೈಸಿ ವ್ಯತಿಕರಣದ ಪಟ್ಟೆಗಳು ಏಳುತ್ತವೆ. ಅನೇಕ ತರಂಗದೂರಗಳು ಬೆರೆತ ಬೆಳಕನ್ನು ಬಳಸಿದಷ್ಟೂ ಈ ಮೇಳವು ಇನ್ನಷ್ಟು ಕಿರಿದಾದ ಅಂತರದಲ್ಲಿ ಮಾತ್ರ ಸಂಭವಿಸುವುದರಿಂದ, ಆಳದ ಅಳತೆಯು ಇನ್ನಷ್ಟು ನಿಖರವಾಗುತ್ತದೆ. ಕಾಲವನ್ನು ಅಳೆಯಲಾರದ ಕಡೆ ದೂರವನ್ನು ಹೋಲಿಸಿ ಗೆದ್ದ ಈ ಬುದ್ಧಿವಂತಿಕೆಯನ್ನು ನಾನು ಪ್ರತಿ ವರ್ಷ ಪಾಠದಲ್ಲಿ ವಿವರಿಸುವಾಗಲೂ ಹೊಸದಾಗಿ ಬೆರಗುಗೊಳ್ಳುತ್ತೇನೆ.

ವಿಯೆನ್ನಾದ ಆಡಾಲ್ಫ್ ಫೆರ್ಖರ್ ಮುಂತಾದವರು 1980ರ ದಶಕದಲ್ಲಿಯೇ ಈ ತತ್ತ್ವದಿಂದ ಕಣ್ಣಿನ ಉದ್ದವನ್ನು ಅಳೆದಿದ್ದರು. 1991ರಲ್ಲಿ ಅಮೆರಿಕದ ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಜೇಮ್ಸ್ ಫುಜಿಮೊಟೊ, ಅವರ ಶಿಷ್ಯ ಡೇವಿಡ್ ಹುವಾಂಗ್, ಎಂಜಿನಿಯರ್ ಎರಿಕ್ ಸ್ವಾನ್ಸನ್ ಮತ್ತು ಅವರ ಸಂಗಡಿಗರು, ದೇಹದಿಂದ ಬೇರ್ಪಡಿಸಿದ ಅಕ್ಷಿಪಟಲದ ಅಡ್ಡಸೀಳಿನ ಬಿಂಬವನ್ನು ಪ್ರಕಟಿಸಿದರು. ಎರಡು ವರ್ಷಗಳಲ್ಲಿ ಜೀವಂತ ಕಣ್ಣಿನ ಬಿಂಬವೂ ದೊರೆಯಿತು. 1996ರಲ್ಲಿ ಯಂತ್ರವು ಮಾರಾಟಕ್ಕೆ ಬಂದಿತು. ಫುಜಿಮೊಟೊ, ಹುವಾಂಗ್, ಸ್ವಾನ್ಸನ್ ಈ ಮೂವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿಯು ಸಂದಿತು. ಆರಂಭದ ಯಂತ್ರಗಳು ಸೆಕೆಂಡಿಗೆ ಕೆಲವು ನೂರು ಬಾರಿ ಮಾತ್ರ ಆಳವನ್ನು ಅಳೆಯುತ್ತಿದ್ದವು; ಮುಂದೆ ಕನ್ನಡಿಯನ್ನು ಸರಿಸುವ ಬದಲು ಮರಳಿದ ಬೆಳಕಿನ ವರ್ಣಪಂಕ್ತಿಯನ್ನೇ ಬಿಡಿಸಿ ಲೆಕ್ಕ ಹಾಕುವ ವಿಧಾನ ಬಂದುದರಿಂದ ಈ ವೇಗವು ಹತ್ತಾರು ಸಾವಿರಕ್ಕೆ ಏರಿತು. ರೋಗಿಯು ಗದ್ದವನ್ನು ಆನಿಸಿ ಕೆಲವು ಕ್ಷಣ ಹಸುರು ಗುರುತನ್ನು ನೋಡಿದರೆ ಸಾಕು, ಚುಚ್ಚುವುದಿಲ್ಲ, ಮುಟ್ಟುವುದಿಲ್ಲ.

ಇದರ ಪರಿಣಾಮವು ಎಷ್ಟು ಆಳವಾದುದೆಂಬುದನ್ನು ಚಿಕಿತ್ಸೆಯ ಕಡೆಯಿಂದ ನೋಡಬೇಕು. ಮಧುಮೇಹದಿಂದ ಮಾಕ್ಯುಲದಲ್ಲಿ ನೀರು ತುಂಬಿದವರಿಗೆ ಇಂದು ಕಣ್ಣಿನೊಳಗೆ ಔಷಧವನ್ನು ಚುಚ್ಚುತ್ತಾರೆ. ಮತ್ತೊಮ್ಮೆ ಬೇಕೇ ಬೇಡವೇ ಎಂಬುದನ್ನು ತಿಂಗಳು ತಿಂಗಳಿಗೂ ಈ ಯಂತ್ರವು ಮೈಕ್ರಾನುಗಳಲ್ಲಿ ಕೊಟ್ಟ ದಪ್ಪದ ಆಧಾರದ ಮೇಲೆ ನಿರ್ಧರಿಸುತ್ತಾರೆ. ಗ್ಲಾಕೋಮಾದಲ್ಲಿ, ರೋಗಿಯ ದೃಷ್ಟಿಕ್ಷೇತ್ರದ ಪರೀಕ್ಷೆಯು ಇನ್ನೂ ಸರಿಯಾಗಿಯೇ ಬರುತ್ತಿರುವಾಗ, ನರತಂತುಗಳ ಪದರವು ತೆಳುವಾಗತೊಡಗಿರುವುದನ್ನು ಹಲವು ವೇಳೆ ಇದು ತೋರಿಸಿಕೊಡುತ್ತದೆ. ಯೇಗರ್ ಮತ್ತು ಗ್ರೇಫ ಅವರನ್ನು ಕಾಡಿದ ಕುಳಿಯೋ ಉಬ್ಬೋ ಎಂಬ ಪ್ರಶ್ನೆಯು ಇಂದಿನ ತರುಣ ವೈದ್ಯನನ್ನು ಕಾಡಲಾರದು. ಈಚೆಗೆ, ಒಂದೇ ಸ್ಥಳವನ್ನು ಮತ್ತೆಮತ್ತೆ ಚಿತ್ರಿಸಿ, ಬದಲಾಗುತ್ತಿರುವುದನ್ನು ಮಾತ್ರ ಹೆಕ್ಕಿ, ಹರಿಯುವ ರಕ್ತಕಣಗಳ ಚಲನೆಯಿಂದಲೇ ನಾಳಗಳ ನಕ್ಷೆಯನ್ನು ಬರೆಯುವ ವಿಧಾನವೂ ಬಂದಿದೆ. ವರ್ಣದ್ರವ್ಯವು ಇದಕ್ಕೆ ಬೇಕಿಲ್ಲ. ಆದರೆ ನಾಳದಿಂದ ಸೋರಿಕೆಯಾಗುತ್ತಿದೆಯೇ ಎಂಬುದನ್ನು ಇದು ತಿಳಿಸಲಾರದಾದುದರಿಂದ, ನೊವೊಟ್ನಿ ಮತ್ತು ಆಲ್ವಿಸರ ವಿಧಾನಕ್ಕೆ ಇನ್ನೂ ನಿವೃತ್ತಿ ದೊರೆತಿಲ್ಲ.

ಇಲ್ಲಿಂದ ನಾನು ನಾಲ್ಕನೆಯ ಅಂಶಕ್ಕೆ, ನನ್ನ ಹೃದಯಕ್ಕೆ ಅತ್ಯಂತ ಸಮೀಪವಾದ ಅಂಶಕ್ಕೆ, ಬರುತ್ತೇನೆ. ಇದುವರೆಗೆ ಹೇಳಿದ ರೋಗಗಳಲ್ಲಿ ರೋಗಿಯು ತಡವಾಗಿಯಾದರೂ ತನ್ನ ಕಷ್ಟವನ್ನು ಹೇಳಿಕೊಳ್ಳಬಲ್ಲನು. ತಾನು ಕಾಣುತ್ತಿದ್ದೇನೆಯೋ ಇಲ್ಲವೋ ಎಂಬುದನ್ನೇ ಹೇಳಲಾರದ ರೋಗಿಯೆಂದರೆ ಅವಧಿಗೆ ಮುನ್ನ ಹುಟ್ಟಿದ ಶಿಶು. ಗರ್ಭದಲ್ಲಿ ಅಕ್ಷಿಪಟಲದ ರಕ್ತನಾಳಗಳು ದೃಷ್ಟಿನರದ ತಲೆಯಿಂದ ಹೊರಟು ಅಂಚಿನತ್ತ ನಿಧಾನವಾಗಿ ಬೆಳೆಯುತ್ತ, ಒಂಬತ್ತು ತಿಂಗಳು ತುಂಬುವ ವೇಳೆಗೆ ಅಂಚನ್ನು ಮುಟ್ಟುತ್ತವೆ. ಏಳನೆಯ ತಿಂಗಳಿಗೇ ಮಗು ಹುಟ್ಟಿದರೆ ಈ ಬೆಳವಣಿಗೆಯು ಅರ್ಧಕ್ಕೆ ನಿಲ್ಲುತ್ತದೆ. ರಕ್ತ ತಲುಪದ ಭಾಗವು ಆಮ್ಲಜನಕಕ್ಕಾಗಿ ಹಂಬಲಿಸಿ ಹೊರಡಿಸುವ ರಾಸಾಯನಿಕ ಸಂಕೇತದಿಂದ, ಅಂಚಿನಲ್ಲಿ ವಿಕೃತವಾದ ನಾಳಗಳು ಕವಲೊಡೆದು, ಕೊನೆಗೆ ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡುತ್ತವೆ. ಈ ಸ್ಥಿತಿಯನ್ನು 1942ರಲ್ಲಿ ಬಾಸ್ಟನ್ನಿನ ಡಾ. ಟೆರಿ ಮೊದಲು ವರ್ಣಿಸಿದರು. ಶಿಶುಗಳನ್ನು ಬದುಕಿಸಲು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಇದನ್ನು ಉಲ್ಬಣಗೊಳಿಸುತ್ತಿತ್ತೆಂಬುದು ಮುಂದಿನ ದಶಕದಲ್ಲಿ ಬೆಳಕಿಗೆ ಬಂದಿತು. ತೀವ್ರ ಹಂತವನ್ನು ಮುಟ್ಟಿದ ಕಣ್ಣಿಗೆ ಎರಡು ಮೂರು ದಿನಗಳೊಳಗಾಗಿ ಲೇಸರ್ ಚಿಕಿತ್ಸೆ ದೊರೆತರೆ ದೃಷ್ಟಿಯು ಬಹುಮಟ್ಟಿಗೆ ಉಳಿಯುತ್ತದೆ. ಆ ಗಳಿಗೆ ಕಳೆದರೆ ಮಗುವಿನ ಬಾಳೆಲ್ಲ ಕತ್ತಲೆ.

ನಮ್ಮ ಜಿಲ್ಲಾಕೇಂದ್ರಗಳಲ್ಲಿ ನವಜಾತ ಶಿಶುಗಳ ತೀವ್ರನಿಗಾ ಘಟಕಗಳು ಹೆಚ್ಚಿದಂತೆ, ಹಿಂದೆ ಬದುಕುಳಿಯದಿದ್ದ ಮಕ್ಕಳು ಬದುಕತೊಡಗಿದರು. ಅದು ದೊಡ್ಡ ಸೌಭಾಗ್ಯ. ಆದರೆ ಅವರ ಕಣ್ಣನ್ನು ಪರೀಕ್ಷಿಸಬಲ್ಲ ತಜ್ಞರು ಮಹಾನಗರಗಳಲ್ಲಿಯೇ ಉಳಿದರು. ಒಂದೂವರೆ ಕಿಲೋ ತೂಕದ ಹಸುಳೆಯನ್ನು ಎದೆಗವಚಿಕೊಂಡು, ಹಸಿಬಾಣಂತಿಯು ಬಸ್ಸಿನಲ್ಲಿ ಇನ್ನೂರು ಮುನ್ನೂರು ಕಿಲೋಮೀಟರು ಪ್ರಯಾಣ ಮಾಡಬೇಕೆಂದು ಬಯಸುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ ವಿಣೇಕರ್ ಅವರ ಮುಂದಾಳುತನದಲ್ಲಿ 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆಯು ಈ ಪ್ರಯಾಣದ ದಿಕ್ಕನ್ನೇ ತಿರುಗಿಸಿತು. ಶಿಶುವಿನ ಕಣ್ಣಿನ ವಿಶಾಲಭಾಗವನ್ನು ಒಮ್ಮೆಗೇ ಚಿತ್ರಿಸಬಲ್ಲ ಕ್ಯಾಮೆರಾವನ್ನು ವಾಹನದಲ್ಲಿರಿಸಿಕೊಂಡು, ತರಬೇತಿ ಹೊಂದಿದ ತಂತ್ರಜ್ಞರು ಗೊತ್ತಾದ ದಿನಗಳಂದು ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗುತ್ತಾರೆ. ಚಿತ್ರಗಳನ್ನು ತೆಗೆದು ಅಂತರಜಾಲದ ಮೂಲಕ ಕಳುಹಿಸುತ್ತಾರೆ. ದೂರದಲ್ಲಿರುವ ತಜ್ಞರು ಅವನ್ನು ನೋಡಿ ಅಭಿಪ್ರಾಯ ತಿಳಿಸುತ್ತಾರೆ. ಕೆಂಪು, ಕಿತ್ತಳೆ, ಹಸುರು ಎಂಬ ಮೂರು ಬಣ್ಣಗಳ ಸಂಕೇತದಿಂದ, ಕೂಡಲೇ ಚಿಕಿತ್ಸೆ ಬೇಕಾದ, ಮತ್ತೆ ನೋಡಬೇಕಾದ, ನಿಶ್ಚಿಂತೆಯಿಂದ ಮನೆಗೆ ಕಳುಹಿಸಬಹುದಾದ ಮಕ್ಕಳನ್ನು ಆ ತಂತ್ರಜ್ಞರೇ ಸ್ಥಳದಲ್ಲಿಯೇ ವಿಂಗಡಿಸಲು ಕಲಿತರು. ರಾಜ್ಯ ಸರ್ಕಾರದ ಆರೋಗ್ಯ ವ್ಯವಸ್ಥೆಯ ಸಹಯೋಗದಿಂದ ಮೊದಲು ದಕ್ಷಿಣದ ಜಿಲ್ಲೆಗಳಲ್ಲಿ, ಬಳಿಕ ಉತ್ತರದ ಜಿಲ್ಲೆಗಳಲ್ಲಿ ಇದು ಹಬ್ಬಿತು.

ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಹಿಂದಿನ ಶತಮಾನದಲ್ಲಿ ಊರೂರಿಗೆ ನಡೆದು, ಶಾಲೆಯಲ್ಲಿಯೋ ಛತ್ರದಲ್ಲಿಯೋ ಶಿಬಿರ ಹೂಡಿ, ಪೊರೆಯ ಶಸ್ತ್ರಚಿಕಿತ್ಸೆಯನ್ನು ಬಡವರ ಬಾಗಿಲಿಗೆ ಒಯ್ದರು. ಅದೇ ಪರಂಪರೆಯಲ್ಲಿ ಈ ಕಾರ್ಯವನ್ನು ನಾನು ಎಣಿಸುತ್ತೇನೆ. ಇದರಲ್ಲಿ ಮೆಚ್ಚಬೇಕಾದುದು ಕ್ಯಾಮೆರಾವೊಂದೇ ಅಲ್ಲ. ಕೆಂಪು ಗುರುತು ಬಿದ್ದ ಮಗುವಿಗೆ ಆ ಜಿಲ್ಲೆಯ ಆಸ್ಪತ್ರೆಯಲ್ಲಿಯೇ ಲೇಸರ್ ಚಿಕಿತ್ಸೆ ದೊರೆಯುವಂತೆ, ವೈದ್ಯರೇ ಅಲ್ಲಿಗೆ ಹೋಗುವ ಏರ್ಪಾಡನ್ನು ಆರಂಭದಿಂದಲೂ ಮಾಡಿಕೊಂಡುದು ಅದಕ್ಕಿಂತ ಹೆಚ್ಚಿನದು.

ಈ ಮಾತಿಗೆ ಇನ್ನೊಂದು ದೇಶದ ಅನುಭವವನ್ನು ಜೋಡಿಸಿ ಹೇಳಬೇಕಾಗಿದೆ. ಬಿಂಬವನ್ನು ಓದುವ ಕೆಲಸವನ್ನು ಗಣಕಯಂತ್ರಕ್ಕೇ ವಹಿಸುವ ಪ್ರಯತ್ನಗಳು ಈಚಿನ ವರ್ಷಗಳಲ್ಲಿ ಭರದಿಂದ ಸಾಗಿವೆ. 2016ರಲ್ಲಿ ಗೂಗಲ್ ಸಂಶೋಧಕರು, 1,28,175 ಅಕ್ಷಿಪಟಲ ಚಿತ್ರಗಳಿಂದ ಕಲಿಸಿದ ಯಂತ್ರವು ಮಧುಮೇಹದ ಅಕ್ಷಿಪಟಲ ರೋಗವನ್ನು ನೇತ್ರತಜ್ಞರಿಗೆ ಸರಿದೊರೆಯಾಗಿ ಗುರುತಿಸಬಲ್ಲುದೆಂದು ತೋರಿಸಿದರು. ಆ ಸಂಶೋಧನೆಗೆ ಭಾರತದ ಮೂರು ಕಣ್ಣಾಸ್ಪತ್ರೆಗಳೂ ಚಿತ್ರಗಳನ್ನು ಒದಗಿಸಿದ್ದವು. 2018ರಲ್ಲಿ ಅಮೆರಿಕದ ಸರ್ಕಾರವು, ವೈದ್ಯನ ಓದಿಗಾಗಿ ಕಾಯದೆ ತಾನೇ ತೀರ್ಪು ಕೊಡುವ ಇಂತಹ ಇನ್ನೊಂದು ಯಂತ್ರಕ್ಕೆ ಅನುಮತಿಯನ್ನಿತ್ತಿತು. ಬೆಂಗಳೂರಿನ ಫೋರಸ್, ರೆಮಿಡಿಯೊ ಮುಂತಾದ ಸಂಸ್ಥೆಗಳು ತಯಾರಿಸಿರುವ, ಹೊತ್ತೊಯ್ಯಬಹುದಾದ ಕ್ಯಾಮೆರಾಗಳು ಇಂತಹ ಯಂತ್ರಗಳಿಗೆ ಹಳ್ಳಿಯ ಬಾಗಿಲನ್ನು ತೆರೆದಿವೆ. ಆದರೆ ಗೂಗಲ್ಲಿನ ಯಂತ್ರವನ್ನು ಥಾಯ್ಲೆಂಡಿನ ಹನ್ನೊಂದು ಚಿಕಿತ್ಸಾಲಯಗಳಲ್ಲಿ ಬಳಕೆಗೆ ತಂದಾಗ, ಸುಮಾರು ಐದರಲ್ಲಿ ಒಂದು ಚಿತ್ರವನ್ನು ಸ್ಪಷ್ಟವಾಗಿಲ್ಲವೆಂದು ಅದು ತಿರಸ್ಕರಿಸಿತು. ಕೋಣೆಗೆ ಸಾಕಷ್ಟು ಕತ್ತಲೆಯಿರಲಿಲ್ಲ, ಅಂತರಜಾಲವು ನಿಧಾನವಾಗಿತ್ತು, ದಾದಿಯರಿಗೆ ನೂರಾರು ರೋಗಿಗಳು ಕಾದಿದ್ದರು. ತಿರಸ್ಕೃತ ಚಿತ್ರದ ರೋಗಿಗೆ, ಇನ್ನೊಂದು ದಿನ ಇನ್ನೊಂದು ಊರಿನ ತಜ್ಞರಲ್ಲಿಗೆ ಹೋಗೆಂದು ಹೇಳಬೇಕಾಗಿ ಬಂದಿತು. ಕೂಲಿಯನ್ನು ಬಿಟ್ಟು ಬಂದವರಿಗೆ ಅದು ಹಗುರವಾದ ಮಾತಲ್ಲ. ಪ್ರಯೋಗಶಾಲೆಯಲ್ಲಿ ನಿಷ್ಣಾತವಾದ ಯಂತ್ರವು ಮಂದಬೆಳಕಿನ ಕೋಣೆಯೊಂದಿಲ್ಲದೆ ಸೋಲಬಹುದೆಂಬ ಈ ವಿಷಯವನ್ನು, ಇಂತಹ ಯಂತ್ರಗಳನ್ನು ಕೊಳ್ಳಹೊರಟಿರುವ ನಮ್ಮ ಆಡಳಿತಗಾರರು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಯದಾಗಿ, ಈ ಸಭೆಯಲ್ಲಿರುವ ವಿವಿಧ ವೃತ್ತಿಗಳ ಮಹನೀಯರಲ್ಲಿ ಕೆಲವು ಬಿನ್ನಹಗಳಿವೆ. ಮಧುಮೇಹವು ಪ್ರಾಯದ ಬಳಿಕ ಕಾಣಿಸಿಕೊಂಡವರು, ಕಣ್ಣು ಎಷ್ಟೇ ಚೆನ್ನಾಗಿ ಕಾಣುತ್ತಿದ್ದರೂ, ರೋಗ ಗೊತ್ತಾದ ವರ್ಷವೇ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಗಳಿಗೆ ಮುನ್ನ ಹುಟ್ಟಿದ ಶಿಶುವಿನ ಕಣ್ಣಿನ ಮೊದಲ ಪರೀಕ್ಷೆಯು ಹುಟ್ಟಿದ ಮೂವತ್ತು ದಿನಗಳೊಳಗೆ, ಇನ್ನೂ ಎಳೆಯದಾದ ಮಗುವಿಗೆ ಅದಕ್ಕಿಂತ ಮೊದಲೇ, ನಡೆಯಬೇಕು. ಮಗುವನ್ನು ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ಮಕ್ಕಳ ವೈದ್ಯರು ಆ ಪರೀಕ್ಷೆಯ ದಿನಾಂಕವನ್ನೂ ಸ್ಥಳವನ್ನೂ ಬರೆದು, ತಾಯಿಗೆ ಓದಿ ಹೇಳಬೇಕು. ಇನ್ನು ತಾಲೂಕು ಆಸ್ಪತ್ರೆಗಳಿಗೆ ಕ್ಯಾಮೆರಾ ಮಂಜೂರು ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು, ಆ ಕ್ಯಾಮೆರಾದಲ್ಲಿ ರೋಗ ಕಂಡುಬಂದವರಿಗೆ ಚಿಕಿತ್ಸೆಯು ಎಲ್ಲಿ, ಯಾರಿಂದ, ಎಷ್ಟು ದಿನಗಳೊಳಗೆ, ಯಾರ ಖರ್ಚಿನಲ್ಲಿ ದೊರೆಯುತ್ತದೆಂಬುದನ್ನು ಅದೇ ಕಡತದಲ್ಲಿ, ಅದೇ ಸಹಿಯ ಮೇಲ್ಗಡೆ, ಬರೆಯಿಸಿಕೊಂಡು ಮಂಜೂರು ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.